ಲೋಡ್ ಏನು ಹಾಕ್ತೀಯೋ?

ಹಳೇ ಗಾಡಿ ನೋಡಲು ಹೋಗುವಾಗೆಲ್ಲ ನನ್ನ ಜೇಬಿನಲ್ಲಿ ಮೂರು ಸಾಮಾನು ಇರುತ್ತಿದ್ದವು: ಒಂದು ಸಣ್ಣ ಟಾರ್ಚು, ಹಳೆಯ ಬನಿಯನ್ನಿನ ತುಂಡು, ಇನ್ನೊಂದು ಮೈಸೂರು ಅರಮನೆ. ಅರಮನೆ ಎಂದರೆ ಊರಿಗೆ ಹೋದಾಗ ಕೊಂಡು ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತದ ಬಿಲ್ಲೆ. ಮಿಷಿಗನ್ ರಾಜ್ಯದ ಫ್ಲಿಂಟ್ ಪಟ್ಟಣದ ಹೊರಗೆ ಒಬ್ಬರ ಮನೆ ಮುಂದೆ 1951ರ ಷೆವರ್ಲೆ ಪಿಕಪ್ ನಿಂತಿತ್ತು. ಬಣ್ಣ ಗೀರಬಾರದೆಂದು ಬನಿಯನ್ ಬಟ್ಟೆ ಸುತ್ತಿ ಅರಮನೆಯನ್ನು ಅದರ ಮಡ್‌ಗಾರ್ಡಿಗೆ ತಗುಲಿಸಿದೆ. ಅಂಟಿತು. ಒಂದು ಗೇಣು ಕೆಳಗೆ ಸರಿಸಿದೆ. ಜಾರಿ ಹುಲ್ಲಿನ ಮೇಲೆ ಬಿತ್ತು. ಬಾಗಿಲ ಕೆಳ ಅಂಚು, ಕ್ಯಾಬಿನ್ನಿನ ಹಿಂದಿನ ಮೂಲೆ, ಕಾಲಿಟ್ಟು ಹತ್ತುವ ಮೆಟ್ಟಿಲ ಪಕ್ಕ, ಎಲ್ಲೆಡೆಯೂ ಅರಮನೆ ಬೀಳುತ್ತಲೇ ಹೋಯಿತು. ಮಿರಮಿರ ಮಿಂಚುತ್ತಿದ್ದ ಆ ಕೆಂಪು ಬಣ್ಣದ ಅಡಿಯಲ್ಲಿದ್ದದ್ದು ತಗಡಲ್ಲ, ಪುಟ್ಟಿ. ಮಾರುವವರು ಆಕಾಶ ನೋಡತೊಡಗಿದರು. ನಾನು ಬಿಲ್ಲೆ ಎತ್ತಿಕೊಂಡು ಬಂದೆ.

ನಾನು ತಿಪಟೂರಿನವನು. ಡೆಟ್ರಾಯ್ಟ್ ಸುತ್ತಲಿನ ಅನೇಕ ಕನ್ನಡಿಗರಂತೆ ನನ್ನ ಹೊಟ್ಟೆಪಾಡೂ ಮೋಟಾರು ಉದ್ಯಮದಿಂದಲೇ ನಡೆಯುತ್ತದೆ. ಇಪ್ಪತ್ತೆರಡು ವರ್ಷದಿಂದ ಕಂಪ್ಯೂಟರಿನ ಮುಂದೆ ಕೂತು ಕಾರಿನ ಸೀಟಿನ ಚೌಕಟ್ಟು ಬರೆಯುತ್ತಿದ್ದೇನೆ. ಗಾಡಿಯ ನಂಟು ಮಾತ್ರ ಅದಕ್ಕಿಂತ ಹಳೆಯದು, ಅಪ್ಪನಿಂದ ಬಂದದ್ದು. ಅವರು ಫಾರ್ಗೋ ಲಾರಿ ಓಡಿಸುತ್ತಿದ್ದರು. ಫಾರ್ಗೋ ಅಮೆರಿಕದ ಕ್ರೈಸ್ಲರ್ ಕಂಪನಿಯ ಲಾರಿಗಳ ಒಂದು ಹೆಸರಾಗಿತ್ತು. ನಮ್ಮ ದೇಶದಲ್ಲಿ ಅದನ್ನು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ಕಟ್ಟುತ್ತಿದ್ದರು. ಕೊಬ್ಬರಿ ಮೂಟೆ ಇಳಿಸಿ ಬಂದ ಲಾರಿಯ ಗಾಜು ಒರೆಸುವುದು ಬೇಸಿಗೆ ರಜೆಯಲ್ಲಿ ನನ್ನ ಕೆಲಸ. ಹಾಗಾಗಿ ಇಲ್ಲಿನ ರೈತರ ಸಂತೆಯೊಂದರಲ್ಲಿ ಉಬ್ಬಿದ ಬಾನೆಟ್ಟಿನ, ಗುಂಡುಕಣ್ಣಿನ ಹಳೇ ಷೆವರ್ಲೆ ಕಂಡಾಗ ಊರಿನ ಗುರುತಿನವರೊಬ್ಬರು ಎದುರಿಗೆ ಬಂದ ಹಾಗಾಯಿತು.

ಯುದ್ಧ ಮುಗಿದ ಮೇಲಿನ ಗಾಡಿ ಅದು. ಪಿಕಪ್ಪಿನ ಕತೆ ಇನ್ನೂ ಹಿಂದಿನದು. ಫೋರ್ಡ್ ಕಂಪನಿ 1925ರ ಏಪ್ರಿಲ್‌ನಲ್ಲಿ ತನ್ನ ಮಾಡೆಲ್ ಟಿ ಕಾರಿನ ಹಿಂದೆ ಕಾರ್ಖಾನೆಯಲ್ಲೇ ಸಾಮಾನು ಹೇರುವ ಬಾಡಿ ಕೂರಿಸಿ 281 ಡಾಲರಿಗೆ ಮಾರಾಟಕ್ಕಿಟ್ಟಿತು. ಎರಡನೇ ಮಹಾಯುದ್ಧದಲ್ಲಿ ಕಾರ್ಖಾನೆಗಳೆಲ್ಲ ಸೇನೆಗೆ ದುಡಿದವು. ರೈತರು ಇದ್ದ ಗಾಡಿಗೇ ತೇಪೆ ಹಾಕಿಕೊಂಡು ದಿನ ದೂಡಿದರು. ಯುದ್ಧ ಮುಗಿದು ಜನರಲ್ ಮೋಟರ್ಸ್ ಕಂಪನಿ ಹೊಸದಾಗಿ ರೂಪಿಸಿದ ಮೊದಲ ವಾಹನ ಕಾರಲ್ಲ, 1947ರ ಬೇಸಿಗೆಯಲ್ಲಿ ಬಂದ ಈ ಷೆವರ್ಲೆ ಟ್ರಕ್ಕು. 1955ರ ಮಾರ್ಚ್‌ವರೆಗೆ ಅದರ ಮೈಕಟ್ಟು ಹೆಚ್ಚು ಬದಲಾಗಲಿಲ್ಲ. ಮೂತಿಯಲ್ಲಿ ಐದು ಅಡ್ಡಪಟ್ಟಿ, ಎರಡು ತುಂಡಿನ ಮುಂಗಾಜು ಇದ್ದರೆ 1953 ಅಥವಾ ಅದಕ್ಕೂ ಹಿಂದಿನದು. ಗಾಜು ಒಂದೇ ತುಂಡಾದರೆ ಆಮೇಲಿನದು. 3100 ಎಂದರೆ ಅರ್ಧ ಟನ್ನಿನದು, 3600 ಮುಕ್ಕಾಲು, 3800 ಒಂದು ಟನ್ನು. ಮೊದಲ ಸಲ ಹಳೇ ಪಿಕಪ್ ಕೊಳ್ಳುವವರಿಗೆ ಇದನ್ನು ಹೇಳುವುದಕ್ಕೆ ಕಾರಣ ಅದರ ಅಂದವಲ್ಲ. ಬಹಳಷ್ಟು ಮಾರಾಟವಾದ್ದರಿಂದ ಇವತ್ತಿಗೂ ಬಾಗಿಲ ರಬ್ಬರಿನಿಂದ ಹಿಡಿದು ಇಡೀ ಮಡ್‌ಗಾರ್ಡಿನವರೆಗೆ ಹೊಸದಾಗಿ ಮಾಡಿದ ಬಿಡಿಭಾಗ ಸಿಗುತ್ತದೆ. ಅಪರೂಪದ ಗಾಡಿ ಕೊಂಡವರು ಒಂದು ಹಿಡಿಕೆಗಾಗಿ ವರ್ಷಗಟ್ಟಲೆ ಕಾಯುತ್ತಾರೆ.

ಎಂಜಿನ್ ಕೆಟ್ಟರೆ ರಿಪೇರಿ ಮಾಡಬಹುದು, ಗೇರುಪೆಟ್ಟಿಗೆ ಬದಲಿಸಬಹುದು. ತುಕ್ಕಿಗೆ ಮದ್ದು ದುಬಾರಿ. ಡೆಟ್ರಾಯ್ಟ್ ನಗರದ ಅಡಿಯಲ್ಲೇ ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿ ಇದೆ. ಹಿಮ ಕರಗಿಸಲು ನಾವು ರಸ್ತೆಗೆ ಉಪ್ಪು ಸುರಿಯುತ್ತೇವೆ, ಅದು ಗಾಡಿಯ ಹೊಟ್ಟೆಗೆ ಸಿಡಿದು ಒಳಗಿನಿಂದ ತಿನ್ನುತ್ತದೆ. ಟಿಂಕರಿಂಗ್‌ಗೆ ಕೊಡುವ ಹಣದಲ್ಲಿ ಇನ್ನೊಂದು ಗಾಡಿಯೇ ಬರುತ್ತದೆ. ಅದಕ್ಕೇ ಬಲ್ಲವರು ಒಣ ಸೀಮೆಯ ಗಾಡಿ ಹುಡುಕುತ್ತಾರೆ. ನನಗದು ಸಿಕ್ಕಿದ್ದು ಕಾನ್ಸಸ್ ರಾಜ್ಯದ ಪಶ್ಚಿಮದ ತುದಿಯಲ್ಲಿ, ಗೋಧಿ ಬೆಳೆಯುವ ಬಯಲಿನಲ್ಲಿ.

ಮಾರುತ್ತಿದ್ದವರು ಎಪ್ಪತ್ತು ದಾಟಿದ ಹೆಂಗಸು. ಗಾಡಿ ಅವರ ತಂದೆಯದು. ಕಡುಹಸಿರು ಬಣ್ಣ ಬಿಸಿಲಿಗೆ ಸುಣ್ಣದಂತೆ ಮಾಸಿತ್ತು. ಬಾಗಿಲ ಮೇಲೆ ಯಾವುದೋ ಧಾನ್ಯದ ಮಳಿಗೆಯ ಹೆಸರು ಅಕ್ಷರ ಅಳಿಸಿ ನೆರಳಾಗಿ ಉಳಿದಿತ್ತು. ಅರಮನೆಯನ್ನು ಎಲ್ಲಿ ಇಟ್ಟರೂ ಟಕ್ಕೆಂದು ಅಂಟಿತು. ಆಮೇಲೆ ಆಕೆ ಡ್ಯಾಶ್‌ಬೋರ್ಡಿನ ಗೂಡಿನ ಮುಚ್ಚಳ ತೆಗೆದು ಒಳಮೈ ತೋರಿಸಿದರು. ಎಣ್ಣೆ ಬದಲಿಸಿದ ದಿನ, ಆಗ ಓಡಿದ್ದ ಮೈಲಿ, ಎಲ್ಲ ಪೆನ್ಸಿಲ್ಲಿನಲ್ಲಿ, ಸಣ್ಣ ಅಕ್ಷರದಲ್ಲಿ. ಕೊನೆಯ ಸಾಲು 1983ರದು. ಆಮೇಲೆ ವರ್ಷಕ್ಕೆ ನಾಲ್ಕಾರು ಸಲ ಅಂಗಳ ಸುತ್ತಿಸಿದ್ದಷ್ಟೇ. ನಾನು ಆ ಮುಚ್ಚಳ ನೋಡಿಯೇ ಗಾಡಿ ಕೊಂಡೆ ಎಂದರೆ ತಪ್ಪಿಲ್ಲ.

ಆದರೂ ಕಾಗದ ನೋಡದೆ ದುಡ್ಡು ಎಣಿಸಬಾರದು. ಈಗಿನ ಹದಿನೇಳು ಅಕ್ಷರದ ವಾಹನ ಸಂಖ್ಯೆ ಬಂದದ್ದು 1981ರಲ್ಲಿ. ಅದಕ್ಕೂ ಮೊದಲು ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ನನ್ನ ಗಾಡಿಯ ಚಾಲಕನ ಬಾಗಿಲ ಕೀಲಿನ ಪಕ್ಕದ ತಗಡಿನಲ್ಲಿ ಮೊದಲು 5, ಆಮೇಲೆ ಎಚ್, ಪಿ, ಇ. ಐದು ಎಂದರೆ ಕಾನ್ಸಸ್ ಸಿಟಿ ಕಾರ್ಖಾನೆ. ಎಚ್ ಎಂದರೆ 1950. ಪಿ ಎಂದರೆ ಅರ್ಧ ಟನ್ನಿನ 3100. ಇ ಎಂದರೆ ಐದನೇ ತಿಂಗಳು. ಒಡೆತನದ ಪತ್ರದಲ್ಲಿಯೂ ಅದೇ ಸಂಖ್ಯೆ ಇತ್ತು. ಎಲ್ಲರಿಗೂ ಈ ಅದೃಷ್ಟ ಇರುವುದಿಲ್ಲ. ಆ ಕಾಲದಲ್ಲಿ ಹಲವು ರಾಜ್ಯಗಳು ಎಂಜಿನ್ ನಂಬರನ್ನೇ ಪತ್ರದಲ್ಲಿ ಬರೆಯುತ್ತಿದ್ದವು. ನಡುವೆ ಯಾರೋ ಎಂಜಿನ್ ಬದಲಿಸಿದ್ದರೆ ಪತ್ರ ಒಂದು ಗಾಡಿಯದು, ಗಾಡಿ ಇನ್ನೊಂದು. ನಮ್ಮೂರ ಆರ್.ಸಿ. ಬುಕ್ಕಿನ ತಾಪತ್ರಯ ಕಂಡವರಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಹನ್ನೊಂದೂವರೆ ಸಾವಿರ ಡಾಲರಿಗೆ ಮಾತು ಮುಗಿಯಿತು. ಟ್ರೈಲರಿನ ಮೇಲೆ ಹೇರಿಸಿ ಮನೆಗೆ ತಂದ ದಿನ ಅಪ್ಪನಿಗೆ ವಿಡಿಯೊ ಕಾಲ್ ಮಾಡಿ ಸುತ್ತಲೂ ತೋರಿಸಿದೆ. ಎಂಬತ್ತೆರಡರ ಅಪ್ಪ ಬಣ್ಣ ಕೇಳಲಿಲ್ಲ, ಬೆಲೆ ಕೇಳಲಿಲ್ಲ.

“ಲೋಡ್ ಏನು ಹಾಕ್ತೀಯೋ?”

“ಲೋಡ್ ಏನಿಲ್ಲಪ್ಪ, ಸುಮ್ನೆ. ಆಸೆಗೆ.”

“ಸುಮ್ನೆ ನಿಲ್ಸಿದ್ರೆ ಗಾಡಿ ಕೆಟ್ಟೋಯ್ತದೆ” ಎಂದರು. ಡ್ರೈವರ್ ಕಾಲದ ಹಟ ಎಂದುಕೊಂಡು ನಕ್ಕೆ.

ಈ ಗಾಡಿ ಓಡಿಸುವುದು ಮೈಗೆಲ್ಲ ಕೆಲಸ. ಕೀಲಿ ತಿರುಗಿಸಿದರೆ ಏನೂ ಆಗುವುದಿಲ್ಲ. ಸೆಲ್ಫನ್ನು ಕಾಲಿನಲ್ಲಿ ಒತ್ತಬೇಕು. ನಾಲ್ಕು ಗೇರಿನಲ್ಲಿ ಒಂದನೆಯದು ಹೊಲಕ್ಕೆ, ಕೆಸರಿಗೆ. ರಸ್ತೆಯಲ್ಲಿ ಎರಡರಿಂದಲೇ ಶುರು. ಸವೆದ ಗೇರಿಗೆ ಡಬಲ್ ಕ್ಲಚ್ ಕೊಡದಿದ್ದರೆ ಹಲ್ಲು ಕಡಿಯುತ್ತದೆ. ಮಳೆಯಲ್ಲಿ ಏರು ಹತ್ತುವಾಗ ಇನ್ನೊಂದು ತಮಾಷೆ. ವೈಪರು ನಡೆಯುವುದು ಕರೆಂಟಿನಿಂದಲ್ಲ, ಎಂಜಿನ್ ಗಾಳಿ ಹೀರುವ ಎಳೆತದಿಂದ. ಆಕ್ಸಿಲರೇಟರ್ ಒತ್ತಿದಷ್ಟೂ ಎಳೆತ ಕಡಿಮೆಯಾಗಿ ವೈಪರು ಗಾಜಿನ ನಡುವೆ ನಿದ್ದೆ ಹೋಗುತ್ತದೆ. ಒಂದು ಕ್ಷಣ ಕಾಲು ಎತ್ತಿದರೆ ಎಚ್ಚರಗೊಂಡು ಎರಡು ಸಲ ಆಡುತ್ತದೆ.

ಎಂಜಿನ್ನು ಆರು ಸಿಲಿಂಡರಿನದು, 216 ಘನ ಇಂಚು, ಅಂದರೆ ಸುಮಾರು ಮೂರೂವರೆ ಲೀಟರು. ತೊಂಬತ್ತರ ಆಸುಪಾಸು ಅಶ್ವಶಕ್ತಿ. ಈಗಿನ ಎಂಜಿನ್ನಿನಲ್ಲಿ ಪಂಪು ಎಣ್ಣೆಯನ್ನು ಪ್ರತಿ ಬೇರಿಂಗಿಗೂ ಒತ್ತಡದಿಂದ ನುಗ್ಗಿಸುತ್ತದೆ. ಇದರಲ್ಲಿ ಪಿಸ್ಟನ್ನಿನ ದಂಡಗಳ ಬುಡಕ್ಕೆ ಸೌಟಿನಂಥ ಪುಟ್ಟ ಮೂತಿಗಳಿವೆ. ಪ್ರತಿ ಸುತ್ತಿಗೂ ಅವು ಕೆಳಗಿನ ತೊಟ್ಟಿಯಿಂದ ಎಣ್ಣೆ ಮೊಗೆದುಕೊಳ್ಳುತ್ತವೆ. ಹಾಗಾಗಿ ಎಣ್ಣೆಯ ಮುಳ್ಳು ಮೂವತ್ತರ ಗೇಜಿನಲ್ಲಿ ಹದಿನೈದರ ಹತ್ತಿರ ನಿಂತರೆ ಗಾಬರಿ ಬೇಡ, ಅದರ ಪ್ರಕೃತಿಯೇ ಹಾಗೆ. ಬೇರಿಂಗಿನ ಒಳಪದರ ಕರಗಿಸಿ ಎರೆದ ಮೆದು ಲೋಹ. ಅದನ್ನು ಎರೆಯಬಲ್ಲ ಕೈಗಳು ಈಗ ಬೆರಳೆಣಿಕೆಯಷ್ಟು. ಗಂಟೆಗೆ 45 ಮೈಲಿಯಲ್ಲಿ, ಅಂದರೆ 72 ಕಿಲೋಮೀಟರಿನಲ್ಲಿ, ಈ ಎಂಜಿನ್ನು ಹಾಡಿಕೊಂಡು ಹೋಗುತ್ತದೆ. ಹೆದ್ದಾರಿಗೆ ಹತ್ತಿಸಿ ಅರವತ್ತು ಮೈಲಿಗೆ ಅಟ್ಟುವವರು ಆ ಲೋಹವನ್ನೇ ಉಣ್ಣುತ್ತಿರುತ್ತಾರೆ. ಕೊಳ್ಳುವ ಮೊದಲು ಎಂಜಿನ್ ಬಿಸಿಯಾದ ಮೇಲೆ, ಕಾಲು ಸಡಿಲಿಸುವಾಗ, ಅಡಿಯಿಂದ ಟಕಟಕ ಸದ್ದು ಬರುತ್ತದೆಯೇ ಎಂದು ಕಿವಿಗೊಡಿ.

ಮೊದಲ ಚಳಿಗಾಲ ನವೆಂಬರಿನಿಂದ ಏಪ್ರಿಲ್‌ವರೆಗೆ ಗಾಡಿಯನ್ನು ಗ್ಯಾರೇಜಿನಲ್ಲಿ ಹೊದಿಕೆ ಹೊದಿಸಿ ಮಲಗಿಸಿದೆ. ಉಪ್ಪಿನಿಂದ ಕಾಪಾಡಿದೆನೆಂಬ ಹೆಮ್ಮೆ. ಏಪ್ರಿಲ್‌ನಲ್ಲಿ ತೆಗೆದು ಎರಡು ಮೈಲಿ ಹೋಗಿರಬಹುದು. ನಿಲ್ಲಿಸಬೇಕಾದ ಕೂಡುರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಪೆಡಲು ನೆಲಕ್ಕೆ ಹೋಗಿ ಕೂತಿತು. ಮತ್ತೊಮ್ಮೆ ಒತ್ತಿದೆ, ಏನೂ ಇಲ್ಲ. ಗೇರು ಇಳಿಸಿ ಹ್ಯಾಂಡ್‌ಬ್ರೇಕ್ ಎಳೆದುಕೊಂಡು ರಸ್ತೆ ದಾಟಿ ಎದುರಿನ ಖಾಲಿ ಹೊಲಕ್ಕೆ ನುಗ್ಗಿಸಿದೆ. ಅಡ್ಡ ಯಾರೂ ಬಾರದಿದ್ದದ್ದು ನನ್ನ ಪುಣ್ಯ, ಜಾಣತನವಲ್ಲ.

ಆದದ್ದು ಇಷ್ಟು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ನಿಂತ ಗಾಡಿಯಲ್ಲಿ ಆ ನೀರು ಚಕ್ರದ ಸಿಲಿಂಡರಿನೊಳಗೆ ತುಕ್ಕಿನ ಗುಳಿ ಮಾಡುತ್ತದೆ. ಅಲುಗಾಡದ ರಬ್ಬರು ಗಡುಸಾಗುತ್ತದೆ. ಒಂದು ದಿನ ಒತ್ತಿದಾಗ ಆ ಗುಳಿಯ ಮೇಲೆ ರಬ್ಬರು ಹರಿದು ಎಣ್ಣೆಯೆಲ್ಲ ಹೊರಗೆ. ಈಗಿನ ಗಾಡಿಗಳಲ್ಲಿ ಬ್ರೇಕಿಗೆ ಎರಡು ಕವಲು; ಒಂದು ಹೋದರೂ ಇನ್ನೊಂದು ಹಿಡಿಯುತ್ತದೆ. 1950ರ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ದಾರಿ, ಒಂದು ಕಡೆ ಸೋರಿದರೆ ನಾಲ್ಕೂ ಖಾಲಿ. ಎಣ್ಣೆ ನೋಡುವ ಬಾಯಿ ಕಾಲಡಿಯ ಚಾಪೆ ಎತ್ತಿದರೆ ಸಿಗುತ್ತದೆ. ಆರು ತಿಂಗಳು ಎಂಜಿನ್ನಿಗೆ ಪೂಜೆ ಮಾಡಿದ ನಾನು ಆ ಚಾಪೆಯನ್ನು ಒಮ್ಮೆಯೂ ಎತ್ತಿರಲಿಲ್ಲ. ಸುಮ್ಮನೆ ನಿಲ್ಲಿಸಿದರೆ ಕೆಡುತ್ತದೆ ಎಂದು ಅಪ್ಪ ಹೇಳಿದ್ದು ಹಟವಲ್ಲ, ಮೆಕ್ಯಾನಿಕ್ಕಿನ ಮಾತು.

ಅಂದಿನಿಂದ ನನ್ನ ಲೆಕ್ಕ ತಿರುಗಿತು. ಬಣ್ಣಕ್ಕೆಂದು ಎತ್ತಿಟ್ಟ ದುಡ್ಡು ಬ್ರೇಕಿಗೆ ಹೋಯಿತು: ಹೊಸ ಸಿಲಿಂಡರು, ಹೊಸ ಕೊಳವೆ, ಎರಡು ಕವಲಿನ ಮಾಸ್ಟರ್ ಸಿಲಿಂಡರು. ಸೀಟ್ ಬೆಲ್ಟ್ ಇರಲೇ ಇಲ್ಲ, ಹಾಕಿಸಿದೆ. ಪೆಟ್ರೋಲ್ ಟ್ಯಾಂಕು ಸೀಟಿನ ಬೆನ್ನ ಹಿಂದೆ, ಕ್ಯಾಬಿನ್ನಿನ ಒಳಗೇ ಇದೆ; ಎಥನಾಲ್ ಬೆರೆತ ಈಗಿನ ಪೆಟ್ರೋಲು ಹಳೇ ರಬ್ಬರನ್ನು ತಿನ್ನುವುದರಿಂದ ಆ ಕೊಳವೆಗಳನ್ನೂ ಬದಲಿಸಿದೆ. ಬ್ಯಾಟರಿ ಆರು ವೋಲ್ಟಿನದು. ಅದಕ್ಕೆ ಹೆಬ್ಬೆರಳ ದಪ್ಪದ ತಂತಿ ಬೇಕು. ಯಾರೋ ಹಾಕಿದ್ದ ಸಣ್ಣ ತಂತಿ ತೆಗೆದ ಮೇಲೆ ಸೆಲ್ಫು ಮುಲುಗುವುದನ್ನು ಬಿಟ್ಟಿತು. ವಿಮೆಯಲ್ಲೂ ಹಳೇ ಗಾಡಿಗೆ ಬೇರೆ ಪದ್ಧತಿ ಇದೆ: ಬೆಲೆಯನ್ನು ಮೊದಲೇ ಇಬ್ಬರೂ ಒಪ್ಪಿ ಬರೆದುಕೊಳ್ಳುತ್ತಾರೆ. ಹೊರಗಿನ ಮಾಸಲು ಹಸಿರು, ಬಾಗಿಲ ಮೇಲಿನ ನೆರಳಕ್ಷರ, ಎರಡು ತಗ್ಗು, ಇವನ್ನು ಮುಟ್ಟಲಿಲ್ಲ. ಮುಚ್ಚಳದ ಒಳಗೆ 1983ರ ಕೆಳಗೆ ಪೆನ್ಸಿಲ್ಲಿನಲ್ಲೇ ನನ್ನ ಮೊದಲ ಸಾಲು ಬರೆದೆ.

ಆಮೇಲೆ ಲೋಡ್ ಹುಡುಕತೊಡಗಿದೆ. ತೋಟಕ್ಕೆ ಗೊಬ್ಬರ, ಗೆಳೆಯರ ಮನೆ ಬದಲಾವಣೆಗೆ ಮಂಚ, ಬಿದ್ದ ಮರದ ಸೌದೆ. ಹಿಂದಿನ ಬಾಡಿಯ ನೆಲ ಹಾಸಿರುವುದು ಹಲಗೆಯಿಂದ, ನಡುವೆ ಕಬ್ಬಿಣದ ಪಟ್ಟಿ. ಭಾರ ಬಿದ್ದಾಗ ಹಿಂದಿನ ಪಟ್ಟಿ ಸ್ಪ್ರಿಂಗು ತಗ್ಗಿ, ಖಾಲಿಯಿದ್ದಾಗ ಕುದುರೆಯಂತೆ ಕುಪ್ಪಳಿಸುತ್ತಿದ್ದ ಗಾಡಿ ಆನೆಯಂತೆ ನಡೆಯುತ್ತದೆ. ಇದು ಹೊರಲೆಂದೇ ಹುಟ್ಟಿದ್ದು ಎಂದು ಬೆನ್ನಿಗೇ ಗೊತ್ತಾಗುತ್ತದೆ.

ಒಂದೇ ಅಡ್ಡಿ, ಕಾನೂನು. ಮಿಷಿಗನ್ನಿನಲ್ಲಿ ಇಪ್ಪತ್ತಾರು ವರ್ಷ ದಾಟಿದ ಗಾಡಿಗೆ ಚಾರಿತ್ರಿಕ ವಾಹನದ ನಂಬರ್ ಪ್ಲೇಟು ಅಗ್ಗದಲ್ಲಿ ಸಿಗುತ್ತದೆ. ಆದರೆ ಅದನ್ನು ಪ್ರದರ್ಶನ, ಮೆರವಣಿಗೆ, ಕ್ಲಬ್ಬಿನ ಕಾರ್ಯಕ್ರಮ ಇಂಥವಕ್ಕೆ ಮಾತ್ರ ಓಡಿಸಬೇಕು. ಆಗಸ್ಟ್ ತಿಂಗಳೊಂದು ವಿನಾಯಿತಿ, ಆಗ ಎಲ್ಲಿಗೆ ಬೇಕಾದರೂ ಹೋಗಬಹುದು. ಆಗಸ್ಟಿನ ಮೂರನೇ ಶನಿವಾರ ಡೆಟ್ರಾಯ್ಟ್ ಹೊರವಲಯದ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೇ ಗಾಡಿಗಳ ಜಾತ್ರೆಯೇ ನೆರೆಯುತ್ತದೆ, 1995ರಿಂದ ನಡೆದುಬಂದದ್ದು. ಸೌದೆ ಹೊರುವ ನನಗೆ ಒಂದು ತಿಂಗಳು ಸಾಲದು. ನಾನು ಹೆಚ್ಚಿನ ದುಡ್ಡು ಕೊಟ್ಟು ಮಾಮೂಲಿ ಪ್ಲೇಟನ್ನೇ ಹಾಕಿಸಿಕೊಂಡೆ.

2025ರಲ್ಲಿ ಗಣೇಶ ಚತುರ್ಥಿ ಆಗಸ್ಟ್ 27, ಬುಧವಾರ ಬಂತು. ಇಲ್ಲಿ ಹಬ್ಬಗಳೆಲ್ಲ ಶನಿವಾರಕ್ಕೆ ಸರಿಯುತ್ತವೆ. ಸಮಾರಂಭದ ಸಭಾಂಗಣಕ್ಕೆ ಮಣ್ಣಿನ ಗಣಪತಿಯನ್ನು ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಹಲಗೆಯ ಮೇಲೆ ಕಂಬಳಿ ಹಾಸಿ ಕೂರಿಸಿ, ಅಪ್ಪನಿಗೆ ಕಾಲ್ ಮಾಡಿ ತೋರಿಸಿದೆ.

“ಲೋಡ್ ನೋಡಪ್ಪ.”

ಅಪ್ಪ ಕನ್ನಡಕ ಹಾಕಿಕೊಂಡು ಫೋನನ್ನು ಮೂಗಿನ ಹತ್ತಿರ ತಂದರು. “ಎಷ್ಟು ತೂಕ?”

“ನಲವತ್ತು ಕೆಜಿ ಇರಬಹುದು.”

“ಕಟ್ಟಿದ್ದೀಯಾ?”

“ಎರಡು ಹಗ್ಗ ಹಾಕಿದೀನಿ.”

“ಗಣಪ್ಪನ್ನ ಹಿಂಗೆ ಕಟ್ಟಿಹಾಕೋದಾ?” ಎಂದು ಹೆಂಡತಿ ಪಕ್ಕದಿಂದ ಗೊಣಗಿದಳು. ಅಪ್ಪನಿಗೆ ಕೇಳಿಸಿತು.

“ದೇವ್ರಾದ್ರೂ ಲೋಡು ಲೋಡೇ ಕಣಮ್ಮ. ಮೂರನೇ ಹಗ್ಗ ಹಾಕೋ.”

ಹಾಕಿದೆ.