ಕಾಣದ ಕಣಕ್ಕೊಂದು ಮಿನುಗು ಪರದೆ

ಮಕ್ಕಳೇ, ಕೈಯ ಮೂಳೆ ಮುರಿದರೆ ವೈದ್ಯರು ಎಕ್ಸ್-ರೇ ಚಿತ್ರ ತೆಗೆಸುತ್ತಾರಲ್ಲವೇ? ರಾಕೆಟ್ಟಿನ ಭಾಗಗಳನ್ನೂ ಹೀಗೆ ಪರೀಕ್ಷಿಸಬೇಕಾಗುತ್ತದೆ. ಹಾರುತ್ತಿರುವ ರಾಕೆಟ್ಟಿನ ಹಂತಗಳನ್ನು ಬೇರ್ಪಡಿಸಲು ಲೋಹದ ಪುಟ್ಟ ಕೊಳವೆಗಳಲ್ಲಿ ಸಿಡಿಮದ್ದು ತುಂಬಿರುತ್ತಾರೆ. ಮದ್ದಿನ ನಡುವೆ ಸಂದು ಉಳಿದಿದ್ದರೆ ಅದು ಸರಿಯಾದ ಕ್ಷಣದಲ್ಲಿ ಸಿಡಿಯದೆ ಹೋಗಬಹುದು. ಆಗ ಇಡೀ ರಾಕೆಟ್ ನಷ್ಟ! ಕೊಳವೆಯನ್ನು ಬಿಚ್ಚಿ ನೋಡುವಂತಿಲ್ಲ. ಎಕ್ಸ್-ಕಿರಣದಲ್ಲಿ ಲೋಹ ಎದ್ದು ಕಾಣುತ್ತದೆಯೇ ಹೊರತು ಒಳಗಿನ ಮದ್ದು ಸರಿಯಾಗಿ ಕಾಣುವುದಿಲ್ಲ. ಹಾಗಾದರೆ ಏನು ಮಾಡುವುದು?

ಇಲ್ಲಿ ನೆರವಿಗೆ ಬರುವುದು ನ್ಯೂಟ್ರಾನ್. 1932ರಲ್ಲಿ ಜೇಮ್ಸ್ ಚಾಡ್ವಿಕ್ ಕಂಡುಹಿಡಿದ ಈ ಕಣಕ್ಕೆ ವಿದ್ಯುದಾವೇಶವಿಲ್ಲ. ಅದು ಸೀಸ, ಅಲ್ಯೂಮಿನಿಯಂನಂತಹ ಲೋಹಗಳನ್ನು ಸುಲಭವಾಗಿ ಹಾದುಹೋಗುತ್ತದೆ. ಆದರೆ ಜಲಜನಕವಿರುವ ನೀರು, ಎಣ್ಣೆ, ಸಿಡಿಮದ್ದು ಮುಂತಾದವುಗಳಲ್ಲಿ ಚದುರಿಹೋಗುತ್ತದೆ. ಹೀಗಾಗಿ ಲೋಹದೊಳಗಿನ ಮದ್ದಿನ ನೆರಳು ಮೂಡುತ್ತದೆ. ತಮಿಳುನಾಡಿನ ಕಲ್ಪಾಕ್ಕಂನಲ್ಲಿರುವ 'ಕಾಮಿನಿ' ಎಂಬ ಪುಟ್ಟ ಪರಮಾಣು ರಿಯಾಕ್ಟರಿನಲ್ಲಿ ನಮ್ಮ ರಾಕೆಟ್ಟುಗಳ ಇಂತಹ ಭಾಗಗಳನ್ನು ಪರೀಕ್ಷಿಸಲಾಗಿದೆ.

ಆದರೆ ಒಂದು ತೊಡಕಿದೆ. ನ್ಯೂಟ್ರಾನ್ ಕಣ್ಣಿಗೂ ಕಾಣದು, ಸಾಮಾನ್ಯ ಕ್ಯಾಮೆರಾಕ್ಕೂ ಕಾಣದು. ಟ್ಯೂಬ್‌ಲೈಟಿನ ಒಳಗೆ ಬಳಿದ ಬಿಳಿ ಪುಡಿಯನ್ನು ನೀವು ನೋಡಿದ್ದೀರಿ. ಅದು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಬೆಳಕಾಗಿ ಬದಲಿಸುತ್ತದೆ. ನ್ಯೂಟ್ರಾನನ್ನು ಬೆಳಕಾಗಿಸಲೂ ಇಂತಹುದೇ ಒಂದು ಪುಡಿ ಬಳಿದ ಪರದೆ ಬೇಕು. ಇದೇ ಸಿಂಟಿಲೇಟರ್, ಅಂದರೆ ಮಿನುಗು ಪರದೆ.

ಒಂದು ಬಗೆಯ ಪರದೆಯಲ್ಲಿ ಲಿಥಿಯಂ ಫ್ಲೋರೈಡ್ ಮತ್ತು ಜಿಂಕ್ ಸಲ್ಫೈಡ್ ಪುಡಿಗಳು ಬೆರೆತಿರುತ್ತವೆ. ಲಿಥಿಯಂ-6 ಎಂಬ ಬಗೆಯ ಪರಮಾಣುವಿನ ಬೀಜಕೇಂದ್ರ ನ್ಯೂಟ್ರಾನನ್ನು ಹಿಡಿದ ಕೂಡಲೇ ಎರಡಾಗಿ ಒಡೆಯುತ್ತದೆ. ಆ ತುಣುಕುಗಳು ಬಡಿದಾಗ ಜಿಂಕ್ ಸಲ್ಫೈಡ್ ಮಿನುಗುತ್ತದೆ. ಕನ್ನಡಿಯೊಂದು ಆ ಬೆಳಕನ್ನು ಪಕ್ಕಕ್ಕೆ ತಿರುಗಿಸುತ್ತದೆ. ಅಲ್ಲಿ ಕತ್ತಲೆ ಪೆಟ್ಟಿಗೆಯಲ್ಲಿರುವ ಕ್ಯಾಮೆರಾ ಚಿತ್ರ ಹಿಡಿಯುತ್ತದೆ. ಕ್ಯಾಮೆರಾವನ್ನು ನೇರ ಇಟ್ಟರೆ ನ್ಯೂಟ್ರಾನುಗಳು ಅದನ್ನು ಕೆಡಿಸುತ್ತವೆ!

ಪರದೆ ಎಷ್ಟು ದಪ್ಪವಿರಬೇಕು? ಮಾಡಿ ನೋಡಿ: ಹಳೆಯ ಪತ್ರಿಕೆಯ ಅಕ್ಷರಗಳ ಮೇಲೆ ಎಣ್ಣೆ ಸವರಿದ ಒಂದು ಹಾಳೆ ಇಡಿ. ಅಕ್ಷರಗಳನ್ನು ಓದಬಹುದು. ಅಂತಹ ನಾಲ್ಕೈದು ಹಾಳೆ ಇಟ್ಟರೆ ಮಸುಕಾಗುತ್ತವೆ. ಹಾಳೆಗಳೊಳಗೆ ಬೆಳಕು ಚದುರುವುದೇ ಇದಕ್ಕೆ ಕಾರಣ. ಮಿನುಗು ಪರದೆಯ ಕಥೆಯೂ ಇದೇ. ದಪ್ಪ ಪರದೆ ಹೆಚ್ಚು ನ್ಯೂಟ್ರಾನ್ ಹಿಡಿಯುತ್ತದೆ, ಆದರೆ ಚಿತ್ರ ಮಸುಕು. ತೆಳು ಪರದೆಯಲ್ಲಿ ಚಿತ್ರ ಸ್ಪಷ್ಟ, ಆದರೆ ಅನೇಕ ನ್ಯೂಟ್ರಾನುಗಳು ತಪ್ಪಿಸಿಕೊಳ್ಳುವುದರಿಂದ ಬೆಳಕು ಕಡಿಮೆ.

ಇದಕ್ಕೆ ವಿಜ್ಞಾನಿಗಳು ಕಂಡ ಒಂದು ದಾರಿ ಗ್ಯಾಡೋಲಿನಿಯಂ ಎಂಬ ಲೋಹ. ನ್ಯೂಟ್ರಾನ್ ಹಿಡಿಯುವುದರಲ್ಲಿ ಅದು ಲಿಥಿಯಂಗಿಂತ ಬಹಳ ಮುಂದೆ. ಅದರಲ್ಲೂ ಗ್ಯಾಡೋಲಿನಿಯಂ-157 ಎಂಬ ಬಗೆ ಎಲ್ಲಕ್ಕಿಂತ ಮುಂದೆ. ಆದರೆ ಪ್ರಕೃತಿಯಲ್ಲಿ ಸಿಗುವ ಗ್ಯಾಡೋಲಿನಿಯಂನಲ್ಲಿ ಅದು ನೂರಕ್ಕೆ ಸುಮಾರು 16 ಪಾಲು ಮಾತ್ರ. ಸ್ವಿಟ್ಜರ್ಲೆಂಡಿನ ಪಾಲ್ ಷೆರರ್ ಸಂಸ್ಥೆಯ ವಿಜ್ಞಾನಿಗಳು ಈ ಪಾಲನ್ನು ಹೆಚ್ಚಿಸಿದ ಪುಡಿಯಿಂದ ಪರದೆ ಮಾಡಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರದೆ ತೆಳುವಾಗಿಯೇ ಉಳಿಯಿತು, ಬೆಳಕು ಹೆಚ್ಚಿತು!

ಈಗ ನೀವು ಯೋಚಿಸಿ: ಸೀಸದ ಡಬ್ಬಿಯಲ್ಲಿ ಹಸಿ ಮಲ್ಲಿಗೆ ಹೂವೊಂದನ್ನು ಮುಚ್ಚಿಟ್ಟು ನ್ಯೂಟ್ರಾನ್ ಚಿತ್ರ ತೆಗೆದರೆ ಯಾವುದು ಎದ್ದು ಕಾಣುತ್ತದೆ? ಏಕೆ?