ನಾಯಿಮರಿಯ ತಲೆಯಲ್ಲಿ ನೀರು ತುಂಬಿದಾಗ

ಸಾಕಲು ತಂದ ಮರಿಯ ತಲೆ ದಪ್ಪವಾಗಿ, ಅದು ನಿಂತಲ್ಲೇ ಸುತ್ತುತ್ತಾ, ಗೋಡೆಗೆ ಹಣೆ ಒತ್ತಿ ನಿಂತರೆ, ಹುಚ್ಚು ಹಿಡಿಯಿತೆಂದು ಹೊಡೆದು ಹಾಕುವವರಿದ್ದಾರೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಸದಸ್ಯ ಬಾಂಧವರು ಹಾಗೆ ಅವಸರಪಡದಿರಲೆಂದು ಇದನ್ನು ಬರೆಯುತ್ತಿದ್ದೇವೆ.

ಮಿದುಳಿನ ಒಳಗೂಡುಗಳಲ್ಲಿ ತಿಳಿಯಾದ ದ್ರವ ಸದಾ ಊರುತ್ತಿರುತ್ತದೆ; ಊರಿದ್ದು ಹರಿದು ರಕ್ತಕ್ಕೆ ಸೇರುತ್ತದೆ. ಅಡಿಕೆ ತೋಟದ ಬಸಿಗಾಲುವೆ ಕಟ್ಟಿದರೆ ನೀರು ನಿಲ್ಲುವುದಿಲ್ಲವೇ? ಹಾಗೆಯೇ ಈ ಹಾದಿ ಕಟ್ಟಿದಾಗ ದ್ರವ ನಿಂತು ಮಿದುಳನ್ನು ಒತ್ತುತ್ತದೆ. ವೈದ್ಯರು ಇದನ್ನು ಹೈಡ್ರೊಸೆಫಲಸ್ ಎನ್ನುತ್ತಾರೆ. ಮರಿಗಳಿಗೆ ಸಾಮಾನ್ಯವಾಗಿ ಹುಟ್ಟಿನಿಂದಲೇ ಬರುತ್ತದೆ. ಪೊಮೇರಿಯನ್, ಪಗ್, ಚಿವಾವಾದಂಥ ಗಿಡ್ಡ ತಳಿಗಳಲ್ಲಿ ಹೆಚ್ಚು. ಬೆಳೆದ ನಾಯಿಗೆ ಮಿದುಳಿನ ಗೆಡ್ಡೆಯಿಂದಲೋ ಉರಿಯೂತದಿಂದಲೋ ಬರಬಹುದು.

ಗುಮ್ಮಟದಂತೆ ಉಬ್ಬಿದ ತಲೆ, ಕೂಡದ ನೆತ್ತಿ, ಕೆಳಕ್ಕೂ ಹೊರಕ್ಕೂ ತಿರುಗಿದ ಕಣ್ಣು, ಒಡಹುಟ್ಟಿದ ಮರಿಗಳಿಗಿಂತ ಕುಂಠಿತ ಬೆಳವಣಿಗೆ, ಎಷ್ಟು ಹೇಳಿದರೂ ಕಲಿಯದಿರುವುದು, ಫಿಟ್ಸ್ — ಇವು ಲಕ್ಷಣಗಳು. ನೆತ್ತಿ ಮೆತ್ತಗಿದ್ದ ಮಾತ್ರಕ್ಕೆ ರೋಗವೆನ್ನಲಾಗದು; ಗಿಡ್ಡ ತಳಿಯ ಆರೋಗ್ಯವಂತ ಮರಿಗಳಿಗೂ ಹಾಗಿರುವುದುಂಟು. ಆ ಮೆತ್ತನೆಯ ಜಾಗದಿಂದಲೇ ಅಲ್ಟ್ರಾಸೌಂಡ್ ಮಾಡಿ ಒಳಗಿನ ನೀರನ್ನು ಕಾಣಬಹುದು. ನೆತ್ತಿ ಕೂಡಿದ್ದರೆ ಸಿ.ಟಿ. ಅಥವಾ ಎಂ.ಆರ್.ಐ. ಬೇಕಾಗುತ್ತದೆ. ಮೊದಲು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ತೋರಿಸಿ, ಅವರು ಹೇಳಿದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯುವುದು ಸೂಕ್ತ.

ಆದರೆ ಒಂದು ಎಚ್ಚರಿಕೆ. ತೂರಾಡುವುದು, ನಡುಗುವುದು, ಫಿಟ್ಸ್ ಬರುವುದು ಡಿಸ್ಟೆಂಪರಿನಲ್ಲೂ ಉಂಟು, ತೋಟಕ್ಕೆ ಹೊಡೆದ ಕೀಟನಾಶಕ ನೆಕ್ಕಿದಾಗಲೂ ಉಂಟು, ನಿಜವಾದ ಹುಚ್ಚುರೋಗದಲ್ಲೂ ಉಂಟು. ಮನೆಯಲ್ಲೇ ತೀರ್ಮಾನಿಸಲು ಹೋಗಬಾರದು, ಮರಿಯ ಬಾಯೊಳಗೆ ಕೈ ಹಾಕಕೂಡದು. ಕಚ್ಚಿದ್ದರೆ ಅಥವಾ ಗಾಯಕ್ಕೆ ಜೊಲ್ಲು ತಾಗಿದ್ದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ನಾಯಿಯ ರೋಗ ಗೊತ್ತಾಗಲೆಂದು ಕಾಯುತ್ತಾ ಕೂರುವುದು ಬೇಡ.

ಹೈಡ್ರೊಸೆಫಲಸ್ ಎಂದು ಖಚಿತವಾದರೆ ದ್ರವ ಊರುವುದನ್ನು ತಗ್ಗಿಸಲು ಪ್ರೆಡ್ನಿಸೊಲೋನ್, ಫಿಟ್ಸ್‌ಗೆ ಫೆನೊಬಾರ್ಬಿಟಾಲ್ ಕೊಡುವುದು ವಾಡಿಕೆ. ಪ್ರಮಾಣವನ್ನು ವೈದ್ಯರೇ ತೂಕ ನೋಡಿ ಹೇಳಬೇಕು. ಹಸಿವು, ಬಾಯಾರಿಕೆ ಹೆಚ್ಚಿದರೆ ಗಾಬರಿ ಬೇಡ, ಅದು ಮದ್ದಿನ ಗುಣ. ಮರಿ ಚುರುಕಾಯಿತೆಂದು ಮಾತ್ರೆಯನ್ನು ತಟ್ಟನೆ ನಿಲ್ಲಿಸುವುದೇ ದೊಡ್ಡ ತಪ್ಪು. ಅದರಿಂದ ಪ್ರಾಣಕ್ಕೇ ಅಪಾಯವಾಗಬಹುದು. ಮದ್ದಿಗೆ ಬಗ್ಗದಿದ್ದರೆ ಮಿದುಳಿನಿಂದ ಹೊಟ್ಟೆಗೆ ಚರ್ಮದಡಿ ಸಣ್ಣ ಕೊಳವೆ ಇಟ್ಟು ನೀರು ಹರಿಸುವ ಶಸ್ತ್ರಚಿಕಿತ್ಸೆಯಿದೆ. ದುಬಾರಿ, ಕೊಳವೆ ಕಟ್ಟಿಕೊಳ್ಳುವುದೂ ಸೋಂಕು ತಗಲುವುದೂ ಇದೆ; ಎಲ್ಲೆಡೆ ಸಿಗುವುದೂ ಇಲ್ಲ.

ತೀವ್ರವಾದರೆ ಮರಿ ಉಳಿಯುವುದು ಕಷ್ಟ. ಉಳಿದದ್ದು ಕಾವಲಿಗೆ ಒದಗದಿದ್ದರೂ ಮನೆಯಲ್ಲಿ ನೆಮ್ಮದಿಯಾಗಿ ಇರಬಲ್ಲದು. ಅದನ್ನು ಬಾವಿಕಟ್ಟೆ, ಮೆಟ್ಟಿಲುಗಳಿಂದ ದೂರವಿಡಿ, ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳಿ. ಅದರಿಂದ ಮರಿ ಮಾತ್ರ ಮಾಡಿಸಬೇಡಿ.