ಬುದ್ಧಿಹಲ್ಲಿನ ನೋವನ್ನು ಕಡೆಗಣಿಸದಿರಿ

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬುದು ಹಿರಿಯರ ಮಾತು. ಹಲ್ಲೂ ಕಡಲೆಯೂ ಇದ್ದು, ಬಾಯಿಯೇ ತೆರೆಯಲಾಗದ ಸ್ಥಿತಿಯೊಂದುಂಟು. ಹರೆಯದ ಮಕ್ಕಳಿರುವ ಮನೆಗಳಿಗೆ ಇದು ಹೊಸದಲ್ಲ. ಪರೀಕ್ಷೆಯೋ ಮದುವೆಯೋ ಹತ್ತಿರವಿರುವಾಗ ದವಡೆಯ ಮೂಲೆಯಲ್ಲಿ ನೋವು ಏಳುತ್ತದೆ, ಕೆನ್ನೆ ಬಾಯುತ್ತದೆ, ಜೋಳದ ರೊಟ್ಟಿಯ ತುತ್ತೂ ಭಾರವಾಗುತ್ತದೆ. ‘ಬುದ್ಧಿಹಲ್ಲು ಬರುತ್ತಿದೆ, ತಾನಾಗಿಯೇ ಕಡಿಮೆಯಾದೀತು’ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಅನೇಕ ಸಲ ಹಾಗೆ ಆಗುವುದೂ ಉಂಟು. ಆಗದಿದ್ದರೆ?

ಮನುಷ್ಯನ 32 ಹಲ್ಲುಗಳಲ್ಲಿ ಕಟ್ಟಕಡೆಯ ನಾಲ್ಕು ಸಾಮಾನ್ಯವಾಗಿ 17ರಿಂದ 25ನೆಯ ವಯಸ್ಸಿನೊಳಗೆ ಮೂಡುತ್ತವೆ. ಅಷ್ಟರಲ್ಲಿ ದವಡೆಯಲ್ಲಿ ಸ್ಥಳ ಉಳಿಯದಿದ್ದರೆ ಹಲ್ಲು ಓರೆಯಾಗಿ, ಕೆಲವೊಮ್ಮೆ ಅಡ್ಡಲಾಗಿ, ಎಲುಬಿನಲ್ಲೋ ವಸಡಿನ ಕೆಳಗೋ ಸಿಕ್ಕಿಕೊಳ್ಳುತ್ತದೆ. ಕೆಳದವಡೆಯ ಬುದ್ಧಿಹಲ್ಲಿಗೆ ಈ ತೊಂದರೆ ಹೆಚ್ಚು. ಮೇಲ್ದವಡೆಯ ಕೋರೆಹಲ್ಲೂ ಹೀಗೆ ಹುದುಗಿ ಉಳಿಯಬಹುದು.

ಅರ್ಧ ಮೂಡಿದ ಹಲ್ಲಿನ ಮೇಲಿನ ವಸಡಿನ ಸೆರಗಿನಡಿ ಅನ್ನದ ಅಗುಳು ಸೇರಿ ಕೊಳೆತು ಕೀವಾಗುತ್ತದೆ. ಓರೆಹಲ್ಲು ಒತ್ತಿದ ಸಂದಿಯಲ್ಲಿ ಪಕ್ಕದ ಗಟ್ಟಿ ದವಡೆಹಲ್ಲೂ ಹುಳುಕಾಗುತ್ತದೆ. ಅಪರೂಪಕ್ಕೆ ಹುದುಗಿದ ಹಲ್ಲಿನ ಸುತ್ತ ನೀರಿನ ಚೀಲ ಬೆಳೆದು, ಸದ್ದಿಲ್ಲದೆ ದವಡೆಯ ಎಲುಬನ್ನು ಸವೆಸುತ್ತದೆ.

ಬೆಚ್ಚನೆಯ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು ಹಿತಕರ. ಲವಂಗದ ಎಣ್ಣೆ ನೋವನ್ನು ತಾತ್ಕಾಲಿಕವಾಗಿ ಮರೆಸುತ್ತದೆ, ಕೀವನ್ನು ನೀಗದು. ಬಾತ ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಕೊಡುವುದೂ, ಹಿಂದೆ ಯಾರಿಗೋ ಬರೆದುಕೊಟ್ಟು ಉಳಿದ ಮಾತ್ರೆ ನುಂಗುವುದೂ ಸಲ್ಲದು.

ಬಾವು ಗದ್ದದ ಕೆಳಗಿಳಿದರೆ, ಜ್ವರ ಬಂದು ಬಾಯಿ ತೆರೆಯದಿದ್ದರೆ, ಉಗುಳು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಬೆಳಗಾಗಲೆಂದು ಕಾಯಬಾರದು. ಕೀವಿನ ನಂಜು ಕುತ್ತಿಗೆಗೆ ಹಬ್ಬಿ ಉಸಿರುಗಟ್ಟಿಸುವ ಈ ಕಾಯಿಲೆಯನ್ನು 1836ರಲ್ಲಿ ಜರ್ಮನಿಯ ವೈದ್ಯ ಲುಡ್ವಿಗ್ ವಿವರಿಸಿದರು. ಇಂದಿಗೂ ಅದು ಪ್ರಾಣಾಂತಕವಾಗಬಲ್ಲದು. ಲಿಂಗಸುಗೂರಿನಿಂದ ರಾಯಚೂರು ಸುಮಾರು 90 ಕಿಲೋಮೀಟರ್ ದೂರ. ಇಂತಹ ರಾತ್ರಿಯಲ್ಲಿ ಆ ದಾರಿ ಬಹು ದೀರ್ಘ. ಮೊದಲು ಹತ್ತಿರದ ಆಸ್ಪತ್ರೆಗೆ ಧಾವಿಸಬೇಕು, ಇಲ್ಲವೇ 108ಕ್ಕೆ ಕರೆ ಮಾಡಬೇಕು.

ಹಾಗೆಂದು ಹುದುಗಿದ ಹಲ್ಲನ್ನೆಲ್ಲ ಕೀಳಿಸಬೇಕಿಲ್ಲ. ರೋಗವಿಲ್ಲದ ಬುದ್ಧಿಹಲ್ಲನ್ನು ಮುಂಜಾಗ್ರತೆಗೆಂದು ಕೀಳಬಾರದೆಂದು ಇಂಗ್ಲೆಂಡಿನಲ್ಲಿ 2000ದಲ್ಲಿ ಹೊರಟ ಮಾರ್ಗಸೂಚಿ ಹೇಳಿತು. ಪದೇ ಪದೇ ಕೀವಾಗುವ, ಪಕ್ಕದ ಹಲ್ಲನ್ನು ಕೆಡಿಸುವ ಹಲ್ಲನ್ನು ಮಾತ್ರ ಉಳಿಸಿಕೊಳ್ಳುವುದು ತರವಲ್ಲ. ಎರಡೂ ದವಡೆಗಳನ್ನು ಒಟ್ಟಿಗೆ ತೋರಿಸುವ ಎಕ್ಸ್‌ರೇ ತೆಗೆಸಿದರೆ ಹಲ್ಲಿನ ಓರೆಯೂ, ಕೆಳತುಟಿಗೆ ಸ್ಪರ್ಶಜ್ಞಾನ ನೀಡುವ ನರ ಅದರ ಬೇರಿಗೆ ಎಷ್ಟು ಸಮೀಪವಿದೆ ಎಂಬುದೂ ತಿಳಿಯುತ್ತದೆ. ಆ ನರಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿಯಬಹುದು. ಆದ್ದರಿಂದ ವೈದ್ಯರನ್ನು ಮೊದಲೇ ಕೇಳಿ ತಿಳಿಯಿರಿ. ಸಾಮಾನ್ಯವಾಗಿ ಚುಚ್ಚುಮದ್ದಿನಿಂದ ಆ ಭಾಗವನ್ನಷ್ಟೇ ಮರಗಟ್ಟಿಸಿ ಹಲ್ಲು ತೆಗೆಯುತ್ತಾರೆ. ಚಿಕ್ಕ ವಯಸ್ಸಿನಲ್ಲಿ ಗಾಯ ಬೇಗ ಮಾಯುತ್ತದೆ.

ಹಲ್ಲು ತೆಗೆಸಿದ ಮೇಲೆ ಆ ಗುಣಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯದ ಮುಚ್ಚಳ. ಮೊದಲ ದಿನ ಜೋರಾಗಿ ಮುಕ್ಕಳಿಸಬಾರದು, ಉಗುಳಬಾರದು. ಬೀಡಿ, ಸಿಗರೇಟು, ಗುಟ್ಕಾಗಳಿಂದ ದೂರವಿರಬೇಕು. ಹೆಪ್ಪು ಕಳಚಿದರೆ ಎರಡು-ಮೂರು ದಿನಗಳಲ್ಲಿ ಅಸಹನೀಯ ನೋವು ಕಾಡೀತು. ತಣ್ಣಗಾದ ಗಂಜಿ, ಮೊಸರನ್ನ ಆ ದಿನಗಳಿಗೆ ಸಾಕು.

ರಾಯಚೂರಿನಲ್ಲಿ ಎ.ಎಂ.ಇ. ಹಾಗೂ ನವೋದಯ ದಂತ ವೈದ್ಯಕೀಯ ಕಾಲೇಜುಗಳಿವೆ. ಸಂತೆಗೋ ಕಚೇರಿಯ ಕೆಲಸಕ್ಕೋ ಆ ಊರಿಗೆ ಹೋದಾಗ ಹದಿನೆಂಟು ತುಂಬಿದ ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ದು ಒಮ್ಮೆ ಹಲ್ಲು ತೋರಿಸಿ ಬನ್ನಿ. ನೋವಿಲ್ಲದ ದಿನ ಮಾಡುವ ಆ ಪ್ರಯಾಣ ನೋವಿನ ರಾತ್ರಿಯ ಪ್ರಯಾಣವನ್ನು ತಪ್ಪಿಸೀತು.